ಗಲ್ಲಾದ ಹೊಸ ಪರದೆ ಮತ್ತು ಹಳೆಯ ಕೈ

ನಮ್ಮ ಪರೇಲ್, ಲಾಲ್‌ಬಾಗ್, ದಾದರ್ ಭಾಗದ ಹೋಟೆಲುಗಳಲ್ಲಿ ಈಚಿನ ಕೆಲವು ವರ್ಷಗಳಿಂದ ಒಂದು ಬದಲಾವಣೆ ಸದ್ದಿಲ್ಲದೆ ನಡೆಯುತ್ತ ಬಂದಿದೆ. ಬಿಲ್ಲು ಮಾಡುವ, ಉಗ್ರಾಣದ ಲೆಕ್ಕವಿಡುವ, ಹಾಜರಿ ಹಾಕುವ ಕಂಪ್ಯೂಟರ್ ಪದ್ಧತಿಗಳು ಒಂದೊಂದಾಗಿ ಬದಲಾಗುತ್ತಿವೆ. ಮೊದಲು ಲೆಕ್ಕದ ಪ್ರೋಗ್ರಾಮು ಗಲ್ಲಾದ ಕೆಳಗಿನ ಪೆಟ್ಟಿಗೆಯೊಳಗೇ ಇತ್ತು. ಈಗ ಅದು ಎಲ್ಲಿಯೋ ದೂರದ ಊರಿನ ಯಂತ್ರದಲ್ಲಿದೆ. ನಮ್ಮ ಕ್ಯಾಶಿಯರನ ಎದುರಿಗಿರುವುದು ಬ್ರೌಸರ್ ಎಂಬ ಕಿಟಕಿ ಮಾತ್ರ. ಸುದ್ದಿ ಓದಲು, ಊರಿನ ರೈಲಿಗೆ ಟಿಕೇಟು ತೆಗೆಯಲು ನಾವು ಯಾವ ಕಿಟಕಿಯನ್ನು ತೆರೆಯುತ್ತೇವೆಯೋ ಅದೇ ಕಿಟಕಿಯಲ್ಲಿ ಇನ್ನು ಇಡ್ಲಿ-ವಡೆಯ ಬಿಲ್ಲೂ ಆಗಬೇಕು.

ಮಾಲಕರ ದೃಷ್ಟಿಯಲ್ಲಿ ಇದು ಪರದೆಯ ಬಣ್ಣ ಬದಲಾದಷ್ಟೇ ಸಣ್ಣ ಸಂಗತಿ. ಭಾನುವಾರ ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಕಂಪೆನಿಯ ಹುಡುಗನೊಬ್ಬ ಬಂದು ಅರ್ಧ ಗಂಟೆ ತೋರಿಸಿ ಹೋಗುತ್ತಾನೆ. ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಮೊದಲನೆಯ ಗಿರಾಕಿ ಬಂದಾಗ ಹೊಸದರಲ್ಲಿಯೇ ಬಿಲ್ಲು ಕೊಡಬೇಕು. ಕಲಿಯುವುದಕ್ಕೆ ಬೇಕಾದ ಹೊತ್ತನ್ನು ಯಾರು ಕೊಡಬೇಕು, ಕಲಿಯುವಾಗ ಆಗುವ ತಪ್ಪಿನ ನಷ್ಟವನ್ನು ಯಾರು ಹೊರಬೇಕು ಎಂದು ಕೇಳುವವರಿಲ್ಲ. ಈ ಪ್ರಶ್ನೆಯನ್ನು ನಾವು ಇಂದು ಕೇಳಬೇಕೆಂದಿದ್ದೇವೆ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ನಾವು ಹೊಸ ಪದ್ಧತಿಯ ವಿರೋಧಿಗಳಲ್ಲ. ಗಲ್ಲಾದ ಕಂಪ್ಯೂಟರ್ ಕೆಟ್ಟರೆ ವರ್ಷದ ಲೆಕ್ಕವೆಲ್ಲ ಹೋಯಿತೆಂಬ ಭಯ ಹೊಸದರಲ್ಲಿ ಕಡಿಮೆ. ಎರಡು ಮೂರು ಶಾಖೆಗಳಿರುವ ಹೋಟೆಲಿನಲ್ಲಿ ದಿನದ ವ್ಯಾಪಾರವನ್ನು ಬರೆದುಕೊಂಡು ಒಬ್ಬ ಹುಡುಗ ರಾತ್ರಿ ಹನ್ನೊಂದಕ್ಕೆ ಲೋಕಲ್ ಹತ್ತಬೇಕಾಗಿಲ್ಲ. ಉಗ್ರಾಣದಲ್ಲಿ ಉದ್ದಿನಬೇಳೆ ಎಷ್ಟು ಉಳಿದಿದೆಯೆಂಬುದು ಅಡಿಗೆಯವನಿಗೂ ಮಾಲಕನಿಗೂ ಒಟ್ಟಿಗೆ ತಿಳಿಯುತ್ತದೆ. ಇವೆಲ್ಲ ಒಳ್ಳೆಯದೇ. ನಮ್ಮ ತಗಾದೆ ಇರುವುದು ಯಂತ್ರದ ಮೇಲಲ್ಲ. ಅದನ್ನು ತಂದು ನಿಲ್ಲಿಸುವ ರೀತಿಯ ಮೇಲೆ.

ಹಳೆಯ ಕ್ಯಾಶಿಯರನ ವಿದ್ಯೆ ಎಲ್ಲಿದೆ ಎಂಬುದನ್ನು ಮಾಲಕರು ಗಮನಿಸಿದಂತಿಲ್ಲ. ಅದು ಅವನ ತಲೆಯಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಬೆರಳಿನಲ್ಲಿದೆ. ಮಧ್ಯಾಹ್ನದ ಊಟದ ಗಡಿಬಿಡಿಯಲ್ಲಿ ಅವನು ಕೀಲಿಮಣೆಯನ್ನು ನೋಡುವುದೇ ಇಲ್ಲ. ಕಣ್ಣು ಗಿರಾಕಿಯ ಮೇಲೆ, ಕಿವಿ ಮಾಣಿಯ ಕೂಗಿನ ಮೇಲೆ, ಬೆರಳು ತನ್ನಷ್ಟಕ್ಕೆ ತಾನು ಓಡುತ್ತದೆ. ಹತ್ತಿಪ್ಪತ್ತು ವರ್ಷ ಕೂತು ಸಂಪಾದಿಸಿದ ಈ ಓಟವನ್ನು ಹೊಸ ಪರದೆಯು ಒಂದೇ ರಾತ್ರಿಯಲ್ಲಿ ಕಸಿದುಕೊಳ್ಳುತ್ತದೆ. ಬರಿದೇ ಕಸಿದುಕೊಂಡರೆ ಬೇಕಿರಲಿಲ್ಲ, ಹಳೆಯ ಅಭ್ಯಾಸವನ್ನೇ ಅವನ ಮೇಲೆ ತಿರುಗಿಸುತ್ತದೆ.

ಉದಾಹರಣೆ ಕೊಡುತ್ತೇವೆ. 1986ರಲ್ಲಿ ಕೆಲಸ ಆರಂಭಿಸಿದ ಬೆಂಗಳೂರಿನ ಕಂಪೆನಿಯ ಟ್ಯಾಲಿ ಎಂಬ ಲೆಕ್ಕದ ಪ್ರೋಗ್ರಾಮನ್ನು ನಮ್ಮ ಗುಮಾಸ್ತರು ಬಲ್ಲರು. ಅದರಲ್ಲಿ ಎಫ್5 ಒತ್ತಿದರೆ ಹಣ ಪಾವತಿಯ ಪುಟ, ಎಫ್6 ಒತ್ತಿದರೆ ರಶೀದಿ, ಎಫ್8 ಒತ್ತಿದರೆ ಮಾರಾಟ, ಎಫ್9 ಒತ್ತಿದರೆ ಖರೀದಿ. ಬ್ರೌಸರಿನಲ್ಲಿ ಅದೇ ಎಫ್5 ಒತ್ತಿದರೆ ಪುಟವೆಲ್ಲ ಹೊಸದಾಗಿ ತೆರೆಯುತ್ತದೆ. ಉಳಿಸದೆ ಬರೆದಿದ್ದ ಲೆಕ್ಕ ಮಾಯವಾಗುವುದುಂಟು. ಟ್ಯಾಲಿಯಲ್ಲಿ ಎಂಟರ್ ಒತ್ತುತ್ತ ಒಂದು ಮನೆಯಿಂದ ಮುಂದಿನ ಮನೆಗೆ ಹೋಗುವುದು ರೂಢಿ. ಬ್ರೌಸರಿನ ಎಷ್ಟೋ ಪುಟಗಳಲ್ಲಿ ಮುಂದಿನ ಮನೆಗೆ ಹೋಗಲು ಟ್ಯಾಬ್ ಒತ್ತಬೇಕು. ಎಂಟರ್ ಒತ್ತಿದರೆ ಅರ್ಧ ಬರೆದ ಪುಟವೇ ಹೊರಟುಹೋಗುತ್ತದೆ. ಟ್ಯಾಲಿಯಲ್ಲಿ ಕಂಟ್ರೋಲ್ ಹಾಗೂ ಎ ಒಟ್ಟಿಗೆ ಒತ್ತಿದರೆ ಬರೆದದ್ದು ಸ್ವೀಕೃತವಾಗುತ್ತದೆ. ಬ್ರೌಸರಿನಲ್ಲಿ ಅದೇ ಕೀಲಿಗಳು ಪುಟದಲ್ಲಿರುವುದನ್ನೆಲ್ಲ ಆರಿಸಿ ನೀಲಿ ಬಣ್ಣ ಬಳಿಯುತ್ತವೆ, ಅಷ್ಟೆ. ಹೀಗೆ ಯಾವ ಬೆರಳು ನಿನ್ನೆಯವರೆಗೆ ಜಾಣ ಬೆರಳಾಗಿತ್ತೋ ಅದು ಇಂದು ದಡ್ಡ ಬೆರಳಾಗುತ್ತದೆ. ಗಿರಾಕಿಗಳ ಎದುರಿಗೆ, ನಿನ್ನೆ ಬಂದ ಹುಡುಗರ ಎದುರಿಗೆ ಹೀಗಾದಾಗ ಐವತ್ತು ವರ್ಷದ ಮನುಷ್ಯನ ಮನಸ್ಸಿಗೆ ಏನಾಗುತ್ತದೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಮನಸ್ಸಿನ ನೋವು ಒಂದು ಕಡೆಗಿರಲಿ, ಪಗಾರದ ಮಾತಿಗೆ ಬರೋಣ. ಸಂಘದ ಮುಂದೆ ಬಂದ ಒಂದು ದೂರನ್ನು ಹೆಸರು ಬಿಟ್ಟು ಹೇಳುತ್ತೇವೆ. ಒಂದು ಹೋಟೆಲಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಗಲ್ಲಾದಲ್ಲಿ ಕೂತ ನಮ್ಮ ಸದಸ್ಯರೊಬ್ಬರು ಹೊಸ ಪದ್ಧತಿ ಬಂದ ವಾರ ಬಿಲ್ಲು ಮುಗಿಸುವ ಗುಂಡಿಯನ್ನು ಒತ್ತಿದರು. ನೆಟ್ಟು ನಿಧಾನವಾಗಿತ್ತು, ಪರದೆ ಅಲುಗಲಿಲ್ಲ. ಮತ್ತೊಮ್ಮೆ ಒತ್ತಿದರು. ಯಂತ್ರ ಎರಡು ಬಿಲ್ಲು ಬರೆದುಕೊಂಡಿತು. ಪೆಟ್ಟಿಗೆಗೆ ಬಂದದ್ದು ಒಂದು ಬಿಲ್ಲಿನ ಹಣ. ದಿನಕ್ಕೆ ಹೀಗೆ ನಾಲ್ಕೈದು. ವಾರದ ಕೊನೆಗೆ ಲೆಕ್ಕಕ್ಕೆ ಸರಿಯಾಗಿ ಹಣ ಕಡಿಮೆ ಬಿದ್ದಿತು, ಕಡಿಮೆ ಬಿದ್ದದ್ದನ್ನು ಅವರ ಪಗಾರದಲ್ಲಿ ಮುರಿದುಕೊಂಡರು. ಒಂದೇ ಟೇಬಲ್, ಒಂದೇ ಮೊತ್ತ, ಒಂದೇ ನಿಮಿಷದಲ್ಲಿ ಎರಡು ಬಿಲ್ಲು ಎಂಬುದನ್ನು ನೋಡಿದ್ದರೆ ಯಾರಿಗೂ ತಿಳಿಯುತ್ತಿತ್ತು. ನೋಡುವ ಗೋಜಿಗೆ ಯಾರೂ ಹೋಗಲಿಲ್ಲ.

ಈ ಬಗ್ಗೆ ಕಾನೂನು ಏನು ಹೇಳುತ್ತದೆಂಬುದನ್ನು ಪ್ರತಿಯೊಬ್ಬ ಕೆಲಸಗಾರನೂ ತಿಳಿದಿರಬೇಕು. ಕೆಲಸಗಾರನ ನಿರ್ಲಕ್ಷ್ಯದಿಂದ ಅಥವಾ ತಪ್ಪಿನಿಂದ ನೇರವಾಗಿ ಆದ ನಷ್ಟಕ್ಕೆ ಮಾತ್ರ ಪಗಾರದಲ್ಲಿ ಮುರಿಯಬಹುದು, ಅದೂ ಅವನು ತನ್ನ ಸಮಜಾಯಿಷಿ ಹೇಳಲು ಅವಕಾಶ ಕೊಟ್ಟ ಮೇಲೆಯೇ ಎಂಬುದು 1936ರ ವೇತನ ಪಾವತಿ ಕಾನೂನಿನಲ್ಲಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿಯೂ ಈ ರಕ್ಷಣೆ ಉಳಿದಿದೆ. ಕಲಿಸದೆ ಕೂರಿಸಿದ ಯಂತ್ರದ ಮುಂದೆ ಆದ ತಪ್ಪು ಕೆಲಸಗಾರನ ನಿರ್ಲಕ್ಷ್ಯವೋ, ಕೂರಿಸಿದವರ ನಿರ್ಲಕ್ಷ್ಯವೋ? ಸಮಜಾಯಿಷಿ ಕೇಳಿದಾಗ ನಮ್ಮ ಉತ್ತರ ಇದೇ ಆಗಿರತಕ್ಕದ್ದು.

ಈ ಪ್ರಶ್ನೆ ನಮ್ಮ ಗಿರಣಗಾವಿಗೆ ಹೊಸದಲ್ಲ. 1928ರಲ್ಲಿ ಮುಂಬಯಿಯ ಗಿರಣಿ ಮಾಲಕರು ದಕ್ಷತೆಯ ಹೆಸರಿನಲ್ಲಿ ನೂಲಿನ ಖಾತೆಯಲ್ಲಿ ಒಬ್ಬನಿಗೆ ಒಂದು ಸೈಡಿನ ಬದಲು ಎರಡು ಸೈಡು, ನೇಯ್ಗೆಯ ಖಾತೆಯಲ್ಲಿ ಎರಡು ಮಗ್ಗದ ಬದಲು ಮೂರು ಮಗ್ಗ ವಹಿಸಹೊರಟರು. ಆ ವರ್ಷದ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಸುಮಾರು ಒಂದೂವರೆ ಲಕ್ಷ ಕೆಲಸಗಾರರು ಗಿರಣಿಯ ಹೊರಗೆ ನಿಂತರು. ಮಗ್ಗ ಬೇಡವೆಂದು ಅವರು ಹೇಳಲಿಲ್ಲ. ಹೊಸ ವ್ಯವಸ್ಥೆಯ ಲಾಭ ಒಬ್ಬರಿಗೆ, ಅದರ ಭಾರ ಇನ್ನೊಬ್ಬರಿಗೆ ಎಂಬುದನ್ನು ಅವರು ಒಪ್ಪಲಿಲ್ಲ. ಮುಂದೆ 1947ರ ಔದ್ಯೋಗಿಕ ವಿವಾದ ಕಾನೂನಿಗೆ ಸೇರಿದ 9ಎ ಕಲಮು, ಕೆಲಸಗಾರರು ಕಡಿಮೆಯಾಗುವ ಸಂಭವವುಳ್ಳ ಯಂತ್ರ ಅಥವಾ ಪದ್ಧತಿಯ ಸುಧಾರಣೆಯನ್ನು ತರುವ ಮಾಲಕನು 21 ದಿನ ಮುಂಚಿತವಾಗಿ ನೋಟೀಸು ಕೊಡಬೇಕೆಂದು ವಿಧಿಸಿತು. ಈಗ ಜಾರಿಯಲ್ಲಿರುವ ಔದ್ಯೋಗಿಕ ಸಂಬಂಧಗಳ ಸಂಹಿತೆಯ 40ನೆಯ ಕಲಮಿನಲ್ಲಿಯೂ ಆ ನೋಟೀಸಿನ ಮಾತಿದೆ. ಹೊಸ ಪರದೆಯ ನೆಪದಲ್ಲಿ ಇಬ್ಬರು ಕ್ಯಾಶಿಯರರನ್ನು ಒಬ್ಬನನ್ನಾಗಿ ಮಾಡಹೊರಟವರಿಗೆ ಇದನ್ನು ನೆನಪಿಸಬೇಕು.

ಇಷ್ಟು ಜನರಿಗೆ ಕೂರಿಸಿ ಕಲಿಸುವುದು ಆಗುವ ಹೋಗುವ ಮಾತೇ ಎಂದು ಕೆಲವು ಮಾಲಕರು ಕೇಳುತ್ತಾರೆ. ಅವರಿಗೆ ನಾವು ಅಂಚೆ ಇಲಾಖೆಯನ್ನು ತೋರಿಸುತ್ತೇವೆ. ನಮ್ಮ ಹಿರಿಯರು ಪರೇಲಿನ ಅಂಚೆ ಕಚೇರಿಯ ಕಿಂಡಿಯಲ್ಲಿ ನಿಂತು ಕುಂದಾಪುರಕ್ಕೂ ಕಾರ್ಕಳಕ್ಕೂ ಮನಿಯಾರ್ಡರು ಕಳಿಸಿದವರು. ಆ ಕಿಂಡಿಯ ಹಿಂದಿನ ಗುಮಾಸ್ತನೂ ನಮ್ಮಂತೆಯೇ ಕೂಲಿಯವನು. 2025ರಲ್ಲಿ ಅಂಚೆ ಇಲಾಖೆ ತನ್ನ ಹಳೆಯ ಕಂಪ್ಯೂಟರ್ ಪದ್ಧತಿಯನ್ನು ಬಿಟ್ಟು, ಸರಕಾರದ ದೂರದ ಸರ್ವರುಗಳ ಮೇಲೆ ನಡೆಯುವ ಎಪಿಟಿ ಎಂಬ ಹೊಸ ಪದ್ಧತಿಗೆ ಬಂದಿತು. ಇದನ್ನು ತಯಾರಿಸಿದ್ದು ಮೈಸೂರಿನಲ್ಲಿರುವ ಇಲಾಖೆಯ ತಂತ್ರಜ್ಞಾನ ಕೇಂದ್ರವೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ಅವರು ಅದನ್ನು ಒಂದೇ ದಿನ ದೇಶದ ಮೇಲೆ ಹೇರಲಿಲ್ಲ. ಮೇ-ಜೂನ್ ತಿಂಗಳಲ್ಲಿ ಮೊದಲು ಕರ್ನಾಟಕದ ಅಂಚೆ ಕಚೇರಿಗಳಲ್ಲಿ ನಡೆಸಿ ನೋಡಿ, ಕಂಡ ದೋಷಗಳನ್ನು ತಿದ್ದಿ, ಬಳಿಕ ಹಂತಹಂತವಾಗಿ ಆಗಸ್ಟ್ 4ರ ಹೊತ್ತಿಗೆ 23 ಅಂಚೆ ವಲಯಗಳಿಗೂ ಮುಟ್ಟಿಸಿದರು. ಮೊದಲು ಮುಖ್ಯ ಶಿಕ್ಷಕರನ್ನು ತಯಾರು ಮಾಡಿ, ಅವರಿಂದ ಕಚೇರಿಗೊಬ್ಬ ಮುಂದಾಳು ಕಲಿತು, ಅವನಿಂದ ಉಳಿದವರು ಕಲಿಯುವಂತೆ ಏರ್ಪಡಿಸಿ 4.6 ಲಕ್ಷಕ್ಕೂ ಮಿಕ್ಕಿ ನೌಕರರಿಗೆ ತರಬೇತಿ ಕೊಟ್ಟರು. ಒಮ್ಮೆ ಕಲಿಸು, ಮತ್ತೆ ಕಲಿಸು, ಆಮೇಲೆ ನೆನಪು ಮಾಡಿಕೊಡು ಎಂಬುದು ಅವರ ಸೂತ್ರವಾಗಿತ್ತು. ಇಷ್ಟಾಗಿಯೂ ಮೊದಲ ದಿನಗಳಲ್ಲಿ ಸರ್ವರು ನಿಧಾನವಾಗಿ ಕೆಲವೆಡೆ ಕಿಂಡಿಯ ಮುಂದೆ ಉದ್ದ ಸಾಲು ನಿಂತಿತು. ಇಷ್ಟು ತಯಾರಿಯಿಂದ ಹೊರಟವರಿಗೇ ಹೀಗಾದರೆ ಅರ್ಧ ಗಂಟೆಯ ತಯಾರಿಯಿಂದ ಹೊರಟ ನಮ್ಮ ಹೋಟೆಲಿನ ಪಾಡೇನು? ದೇಶದ ಮೂಲೆಮೂಲೆಯ ಅಂಚೆಯವರಿಗೆ ಕಲಿಸಲು ಸಾಧ್ಯವಾದರೆ ಒಂದು ಹೋಟೆಲಿನ ನಾಲ್ಕು ಕ್ಯಾಶಿಯರರಿಗೆ ಕಲಿಸುವುದು ಅಸಾಧ್ಯವೆಂಬ ಮಾತು ನಿಲ್ಲುವುದಿಲ್ಲ.

ಆದುದರಿಂದ ಮಾಲಕರ ಮುಂದೆ ನಾವು ಆರು ಬೇಡಿಕೆಗಳನ್ನು ಇಡುತ್ತೇವೆ.

ಒಂದನೆಯದು, ಕಲಿಯುವ ಹೊತ್ತು ಕೆಲಸದ ಹೊತ್ತಿನಲ್ಲಿಯೇ ಸೇರಬೇಕು, ಅದಕ್ಕೆ ಪಗಾರವಿರಬೇಕು. ಹತ್ತು ಗಂಟೆ ದುಡಿದು ಬಂದವನ ಕಣ್ಣಿಗೆ ರಾತ್ರಿ ಹನ್ನೊಂದರ ಪಾಠ ಹತ್ತುವುದಿಲ್ಲ. ಮಧ್ಯಾಹ್ನ ಮೂರರಿಂದ ಐದರವರೆಗೆ ಗಿರಾಕಿ ಕಡಿಮೆಯಿರುವ ಹೊತ್ತು ಇದಕ್ಕೆ ತಕ್ಕದ್ದು.

ಎರಡನೆಯದು, ಹದಿನೈದು ದಿನವಾದರೂ ಹಳೆಯದೂ ಹೊಸದೂ ಜೊತೆಯಾಗಿ ಇರಬೇಕು. ಗಡಿಬಿಡಿಯಿಲ್ಲದ ಹೊತ್ತಿನಲ್ಲಿ ಹೊಸದು, ಊಟದ ಹೊತ್ತಿನಲ್ಲಿ ಹಳೆಯದು, ಕ್ರಮೇಣ ಪೂರ್ತಿ ಹೊಸದು. ಬದಲಾವಣೆಯ ದಿನ ಹಬ್ಬದ ಮುನ್ನಾದಿನವಾಗಲಿ, ತಿಂಗಳ ಕೊನೆಯಾಗಲಿ ಆಗಿರಬಾರದು.

ಮೂರನೆಯದು, ಒಬ್ಬೊಬ್ಬನಿಗೂ ಬೇರೆ ಬೇರೆ ಹೆಸರು, ಬೇರೆ ಗುಪ್ತಪದ ಇರಬೇಕು. ಹಳೆಯದರಲ್ಲಿ ಎಲ್ಲರೂ ಒಂದೇ ಗುಪ್ತಪದದಲ್ಲಿ ಒಳಹೋಗುವುದು ನಡೆದುಹೋಯಿತು. ಹೊಸದರಲ್ಲಿ ಯಾರು, ಯಾವ ನಿಮಿಷಕ್ಕೆ, ಯಾವ ಬಿಲ್ಲನ್ನು ರದ್ದು ಮಾಡಿದರೆಂಬುದು ಹೆಸರಿನೊಡನೆ ದಾಖಲಾಗುತ್ತದೆ. ನಿಮ್ಮ ಹೆಸರಿನಲ್ಲಿ ಇನ್ನೊಬ್ಬ ರದ್ದು ಮಾಡಿದ ಬಿಲ್ಲು ನಾಳೆ ನಿಮ್ಮ ಮೇಲೆ ಕಳವಿನ ಆರೋಪವಾಗಿ ಬರಬಹುದು.

ನಾಲ್ಕನೆಯದು, ಕಲಿಯುವ ಮೊದಲ ತಿಂಗಳು ಕಡಿಮೆ ಬಿದ್ದ ಹಣವನ್ನು ಪಗಾರದಲ್ಲಿ ಮುರಿಯಕೂಡದು. ಪ್ರತಿ ರಾತ್ರಿ ಬಿಲ್ಲುಗಳನ್ನು ಕೆಲಸಗಾರನ ಎದುರಿಗೇ ತಾಳೆ ನೋಡಬೇಕು.

ಐದನೆಯದು, ನೆಟ್ಟು ನಿಂತಾಗ ಉಪಯೋಗಿಸಲು ನಂಬರು ಹಾಕಿದ ಕಾಗದದ ಬಿಲ್ಲು ಪುಸ್ತಕ ಗಲ್ಲಾದಲ್ಲಿ ಇರಲೇಬೇಕು.

ಆರನೆಯದು, ಹೊಸ ಪದ್ಧತಿಗೆ ತಕ್ಕ ಯಂತ್ರವನ್ನೂ ಕೊಡಬೇಕು. ವಿಂಡೋಸ್ 7 ಇರುವ ಕಂಪ್ಯೂಟರಿಗೆ ಕ್ರೋಮ್ ಬ್ರೌಸರಿನ ಹೊಸ ಆವೃತ್ತಿಗಳು 2023ರಿಂದ ಬರುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪೆನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮುದಿ ಎತ್ತಿಗೆ ಹೊಸ ನೊಗ ಕಟ್ಟಿ, ಗಾಡಿ ಓಡಲಿಲ್ಲವೆಂದು ಗಾಡಿಯವನಿಗೆ ಹೊಡೆಯುವುದು ನ್ಯಾಯವಲ್ಲ.

ಇನ್ನು ನಮ್ಮ ಬಂಧುಗಳಿಗೆ ನಾಲ್ಕು ಮಾತು. ಬೇಡಿಕೆ ಇಟ್ಟು ಕೈಕಟ್ಟಿ ಕೂತರೆ ಕೆಲಸವಾಗದು. ಕಲಿಸುವ ವಿಧಾನವನ್ನೂ ನಾವೇ ಕಂಡುಕೊಳ್ಳಬೇಕು. ಕಂಪೆನಿಯ ಹುಡುಗ ಪರದೆಯ ಮೇಲಿನ ಗುಂಡಿಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ಹೇಳುತ್ತ ಹೋಗುತ್ತಾನೆ. ಕೇಳುವವನಿಗೆ ಹತ್ತನೆಯದಕ್ಕೆ ಬಂದಾಗ ಮೊದಲನೆಯದು ಮರೆತಿರುತ್ತದೆ. ನಮ್ಮ ಪಾಠ ಗುಂಡಿಯಿಂದ ಆರಂಭವಾಗಬಾರದು, ಕೆಲಸದಿಂದ ಆರಂಭವಾಗಬೇಕು. ಬೆಳಿಗ್ಗೆ ಗಲ್ಲಾ ತೆರೆಯುವುದು, ಹೊಸ ಟೇಬಲ್, ಟೇಬಲ್ ಬದಲಾವಣೆ, ಪಾರ್ಸೆಲು, ಬಿಲ್ಲನ್ನು ಇಬ್ಬರಿಗೆ ಹಂಚುವುದು, ನಗದು, ಯುಪಿಐ, ಉದರಿ, ರದ್ದು, ಪಾಳಿಯ ಲೆಕ್ಕ ಮುಚ್ಚುವುದು: ಹೆಚ್ಚೆಂದರೆ ಇಪ್ಪತ್ತು ಕೆಲಸ. ಒಂದು ಕಾಗದದಲ್ಲಿ ಎಡಕ್ಕೆ ಹಳೆಯ ರೀತಿ, ಬಲಕ್ಕೆ ಹೊಸ ರೀತಿ ಎಂದು ನಮ್ಮ ಕೈಯಾರೆ ಕನ್ನಡದಲ್ಲಿ ಬರೆದು ಗಲ್ಲಾದ ಪಕ್ಕ ಅಂಟಿಸಬೇಕು. ಬ್ರೌಸರು ತಾನೇ ಕನ್ನಡಕ್ಕೆ ತಿರುಗಿಸಿ ಕೊಡುತ್ತದೆಂದು ನಂಬಿ ಕೂರಬೇಡಿ. ಊಟದ ಟೇಬಲ್ಲನ್ನು ಯಂತ್ರವು ಕೋಷ್ಟಕವೆಂದು ಕರೆದರೆ ಯಾರಿಗೆ ತಿಳಿದೀತು? ನಾವು ದಿನವೂ ಆಡುವ ಮಾತಿನಲ್ಲಿಯೇ ಆ ಕಾಗದ ಇರಲಿ.

ಕಲಿತ ಹುಡುಗರಿಗೂ ಒಂದು ವಿನಂತಿ. ಹಿರಿಯರಿಗೆ ಕಲಿಸುವಾಗ ಮೌಸನ್ನು ಅವರ ಕೈಯಿಂದ ಕಸಿದುಕೊಳ್ಳಬೇಡಿ. ನಿಮ್ಮ ಕೈ ಬೆನ್ನ ಹಿಂದಿರಲಿ, ಬಾಯಿ ಮಾತ್ರ ಕೆಲಸ ಮಾಡಲಿ. ನೀವು ಮಾಡಿ ತೋರಿಸಿದ್ದು ಅವರ ಕಣ್ಣಿಗೆ ಹೋಗುತ್ತದೆ, ಅವರು ತಾವೇ ಮಾಡಿದ್ದು ಬೆರಳಿಗೆ ಹೋಗುತ್ತದೆ. ಎಫ್5 ಒತ್ತಬಾರದು, ಬಿಲ್ಲಿನ ನಡುವೆ ಹಿಂದಕ್ಕೆ ಹೋಗುವ ಬಾಣವನ್ನು ಒತ್ತಬಾರದು, ಪರದೆ ನಿಂತರೆ ಎರಡನೆಯ ಸಲ ಒತ್ತದೆ ಮೊದಲು ಬಿಲ್ಲಿನ ಪಟ್ಟಿಯನ್ನು ನೋಡಬೇಕು ಎಂಬ ಮೂರು ಸಂಗತಿಗಳನ್ನು ಮೊದಲನೆಯ ದಿನವೇ ಹೇಳಿರಿ. ಅಕ್ಷರ ಚಿಕ್ಕದಾಗಿ ಕಂಡರೆ ಕಂಟ್ರೋಲ್ ಹಿಡಿದು ಕೂಡಿಸುವ ಚಿಹ್ನೆ ಒತ್ತಿದರೆ ದೊಡ್ಡದಾಗುತ್ತದೆಂಬುದನ್ನೂ ತೋರಿಸಿರಿ. ಕಣ್ಣು ಮಂಜಾದದ್ದನ್ನು ಹೇಳಲು ನಾಚಿ ಸುಮ್ಮನಿರುವ ಹಿರಿಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಗಿರಣಿಯ ಬಂಧುಗಳು ಇದು ಹೋಟೆಲಿನವರ ಮಾತೆಂದು ಪುಟ ತಿರುವಬಾರದು. ನಿಮ್ಮ ಭವಿಷ್ಯನಿಧಿಯ ಲೆಕ್ಕ 2014ರಿಂದ ಯುಎಎನ್ ಎಂಬ ಒಂದೇ ನಂಬರಿನ ಮೇಲೆ ನಡೆಯುತ್ತಿದೆ. ಅದನ್ನು ನೋಡುವುದು ಇದೇ ಕಿಟಕಿಯಲ್ಲಿ. ಪಿಂಚಣಿಯವರು ಜೀವಂತವಿದ್ದೇವೆಂದು ಕೊಡುವ ಪ್ರಮಾಣಪತ್ರಕ್ಕೂ ಅದೇ ವರ್ಷದಿಂದ ಕಂಪ್ಯೂಟರಿನ ದಾರಿ ತೆರೆದಿದೆ. ಗಲ್ಲಾದಲ್ಲಿ ಈ ಕಿಟಕಿಯನ್ನು ಬಳಸಲು ಕಲಿತವನು ಚಾಳಿನ ನಾಲ್ಕು ಮಂದಿಗೆ ತಮ್ಮ ಲೆಕ್ಕವನ್ನು ನೋಡಲು ಕಲಿಸಬಲ್ಲ. ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಕೊಂಡಿಯನ್ನು ಒತ್ತದೆ ವಿಳಾಸವನ್ನು ತಾನೇ ಬರೆದು ತೆರೆಯಬೇಕೆಂಬ ಎಚ್ಚರಿಕೆಯನ್ನೂ ಹೇಳಬಲ್ಲ.

1911ರಲ್ಲಿ ನಾ. ಮ. ಜೋಶಿಯವರು ಸ್ಥಾಪಿಸಿದ ಸೋಶಿಯಲ್ ಸರ್ವಿಸ್ ಲೀಗ್ ಗಿರಣಿ ಕೆಲಸಗಾರರಿಗಾಗಿ ರಾತ್ರಿ ಶಾಲೆಗಳನ್ನೂ ವಾಚನಾಲಯಗಳನ್ನೂ ನಡೆಸಿತು. ಹಗಲು ಲೋಟ ತೊಳೆದು ರಾತ್ರಿ ಕನ್ನಡ ಶಾಲೆಯ ಬೆಂಚಿನಲ್ಲಿ ಕೂತು ಓದಿದ ಹುಡುಗರು ಈ ಮುಂಬಯಿಯಲ್ಲಿ ಗುಮಾಸ್ತರಾದರು, ವಕೀಲರಾದರು, ಹೋಟೆಲಿನ ಮಾಲಕರೂ ಆದರು. ಇಂದು ಕೆಲಸದಾಳನ್ನು ದಡ್ಡನೆನ್ನುವ ಕೆಲವರು ತಾವು ಹತ್ತಿ ಬಂದ ಆ ಬೆಂಚನ್ನು ಒಮ್ಮೆ ನೆನೆಯಬೇಕು. ಕಲಿಯಲು ಅವಕಾಶ ಸಿಕ್ಕಿದಲ್ಲೆಲ್ಲ ನಮ್ಮವರು ಕಲಿತಿದ್ದಾರೆ. ಮಿಡ್ಲ್ ಶಾಲೆಗೇ ಓದು ನಿಲ್ಲಿಸಿದ ನಾವು ಈ ಮಾತನ್ನು ಧೈರ್ಯವಾಗಿ ಹೇಳಬಲ್ಲೆವು.

ಹೊಸ ಪದ್ಧತಿ ಬರುವ ಸುದ್ದಿ ತಿಳಿದ ದಿನವೇ ಆಯಾ ಹೋಟೆಲಿನ ಸದಸ್ಯರು ಸಂಘಕ್ಕೆ ತಿಳಿಸಬೇಕು. ಮಾಲಕರೊಡನೆ ಮಾತಾಡುವುದಕ್ಕೆ ನಾವು ಬರುತ್ತೇವೆ. ಒಂದು ಕಂಪ್ಯೂಟರು, ಕಲಿತ ಇಬ್ಬರು ಹುಡುಗರು, ಮಧ್ಯಾಹ್ನದ ಎರಡು ಗಂಟೆ ಸಿಕ್ಕಿದರೆ ಸಂಘದ ಕೋಣೆಯಲ್ಲಿಯೇ ವರ್ಗ ನಡೆಸಬಹುದು. ಕಲಿತವರು ಕಲಿಸಲು ಮುಂದೆ ಬರಲಿ, ಕಲಿಯದವರು ನಾಚದೆ ಬಂದು ಕೂರಲಿ. ಪರದೆ ಬದಲಾಯಿತೆಂಬ ಒಂದೇ ಕಾರಣಕ್ಕೆ ನಮ್ಮ ಒಬ್ಬ ಹಿರಿಯನೂ ಗಲ್ಲಾದಿಂದ ಏಳಬೇಕಾಗಿ ಬರಬಾರದು.